ಸಾವರ್‌ಕ್ರೌಟ್ ಹಾಕಲು ಎಂಥ ಜಾಡಿ ತಗೊಳ್ಳಲಿ? ತೆರೆದ ಬಾಯಿಯದ್ದಾ, ನೀರಿನ ಕಾಲುವೆ ಇರುವುದಾ?

ಕೋಸಿನ_ಎಲೆ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸಾವರ್‌ಕ್ರೌಟನ್ನು (ಉಪ್ಪು ಹಾಕಿ ಹುಳಿ ಬರಿಸಿದ ಕೋಸು) ಒಂದು ಲೀಟರಿನ ಗಾಜಿನ ಬಾಟಲಿಯಲ್ಲೇ ಹಾಕುತ್ತಿದ್ದೆ. ಈಗ ಮನೆಯಲ್ಲಿ ನಾಲ್ಕೂ ಜನಕ್ಕೆ ರುಚಿ ಹತ್ತಿದೆ. ಬಾಟಲಿ ಬಿಚ್ಚಿದ ವಾರಕ್ಕೇ ಖಾಲಿ. ದೊಡ್ಡ ಜಾಡಿ ತಗೊಳ್ಳೋಣ ಅಂತ ಹುಡುಕಲು ಕೂತರೆ ತಲೆ ಕೆಟ್ಟುಹೋಯಿತು.

ಒಂದು ಕಡೆ ಡಬ್ಬದ ಹಾಗೆ ನೆಟ್ಟಗಿರುವ, ಬಾಯಿ ಪೂರ್ತಿ ತೆರೆದ, ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನ ಸ್ಟೋನ್‌ವೇರ್ ಜಾಡಿ. ಕೋಸಿನ ಮೇಲೆ ತಟ್ಟೆ ಇಟ್ಟು, ಭಾರ ಹೇರಿ, ಬಟ್ಟೆ ಕಟ್ಟಬೇಕು. ಇನ್ನೊಂದು ಕಡೆ ಕಂಠದ ಸುತ್ತ ಕಾಲುವೆ ಇರುವ ಜರ್ಮನ್ ಮಾದರಿ. ಕಾಲುವೆಗೆ ನೀರು ಹೊಯ್ದು ಮುಚ್ಚಳ ಕೂರಿಸಿದರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲವಂತೆ. ಬೆಲೆ ಮಾತ್ರ ಮೊದಲನೆಯದಕ್ಕಿಂತ ಬಹಳ ಜಾಸ್ತಿ. ಅಷ್ಟು ಕೊಡುವಂಥದ್ದು ಅದರಲ್ಲಿ ಏನಿದೆ? ನಾಲ್ಕು ಜನಕ್ಕೆ ಎಷ್ಟು ಲೀಟರಿನದು ಸಾಕು?

ಇನ್ನೊಂದು ವಿಷಯ. ಪರಿಚಯದವರೊಬ್ಬರು ತಮ್ಮ ಹಳೇ ಜಾಡಿಯನ್ನು ಸುಮ್ನೆ ಕೊಡುತ್ತೇನೆ ಅಂದಿದ್ದಾರೆ. ಒಳಗಿನ ಮೆರುಗಿನ (ಗಾಜಿನಂಥ ಲೇಪದ) ಮೇಲೆಲ್ಲ ಕೂದಲೆಳೆಯಂಥ ಗೆರೆಗಳು ಹರಡಿಕೊಂಡಿವೆ. ಅದನ್ನು ಬಳಸಬಹುದಾ?

ಗಾಜೇ_ಸಾಕು
ಜಾಡಿ ಯಾಕೆ? ಎರಡು ಲೀಟರಿನ ಗಾಜಿನ ಬಾಟಲಿ ನಾಲ್ಕು ತಗೊಳ್ಳಿ. ಮುಗೀತು.

ನೀರು_ಮುಚ್ಚಳ
ಬಂತು ನೋಡಿ ಗಾಜಿನ ಪಕ್ಷ! ಪ್ರಶ್ನೆಯ ಮಸಿ ಇನ್ನೂ ಆರಿಲ್ಲ.

ಕೋಸಿನ ಎಲೆ ಅವರೇ, ನಾನು ಎರಡೂ ಥರದ ಜಾಡಿ ಬಳಸಿದ್ದೇನೆ. ತೆರೆದ ಬಾಯಿಯದ್ದರಲ್ಲಿ ವಾರಕ್ಕೆ ಎರಡು ಮೂರು ಸಲ ಬಟ್ಟೆ ಬಿಚ್ಚಿ, ಮೇಲೆ ಕಟ್ಟಿದ ಕೆನೆ ತೆಗೆದು, ತಟ್ಟೆ ತೊಳೆದು ಮತ್ತೆ ಇಡಬೇಕು. ಕಾಲುವೆ ಇರುವ ಜಾಡಿಯಲ್ಲಿ ಆ ಕೆಲಸ ಹೆಚ್ಚುಕಡಿಮೆ ಇಲ್ಲ. ಕಾಲುವೆಯಲ್ಲಿ ನೀರು ಇದೆಯಾ ಅಂತ ನೋಡಿಕೊಂಡರೆ ಸಾಕು. ನೀವು ಹಣ ಕೊಡುತ್ತಿರುವುದು ಸೋಮಾರಿತನಕ್ಕೆ. ನನ್ನ ಮಟ್ಟಿಗೆ ಅದು ಒಳ್ಳೆಯ ವ್ಯಾಪಾರ.

ಹಳೇ_ಕೈ
ಸೋಮಾರಿತನಕ್ಕೆ ಅಂತ ಒಪ್ಪಿಕೊಂಡಿದ್ದೀರಲ್ಲ, ಸಂತೋಷ. ನಾನು ವರ್ಷಗಟ್ಟಲೆ ತೆರೆದ ಜಾಡಿಯಲ್ಲೇ ಹಾಕುತ್ತಿದ್ದೇನೆ. ರುಚಿಯಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಕೋಸು ಉಪ್ಪುನೀರಿನ ಕೆಳಗೆ ಇರಬೇಕು. ಇಡೀ ವಿದ್ಯೆ ಅಷ್ಟೇ. ಜಾಡಿಯ ಬಾಯಿಗಿಂತ ಸುಮಾರು ಒಂದು ಇಂಚು ಚಿಕ್ಕದಾದ ತಟ್ಟೆ ಹುಡುಕಿಕೊಳ್ಳಿ. ಅದರ ಮೇಲೆ ನೀರು ತುಂಬಿದ ಬಾಟಲಿ ಇಡಿ. ಉಪ್ಪುನೀರು ತಟ್ಟೆಯ ಮೇಲೆ ಒಂದೆರಡು ಇಂಚು ನಿಂತಿರಬೇಕು.

ಲ್ಯಾಬ್_ಕೋಟು
ಇಬ್ಬರ ಮಾತೂ ಸರಿ. ಆದರೆ ಯಾಕೆ ಸರಿ ಅಂತ ಯಾರೂ ಹೇಳುತ್ತಿಲ್ಲ.

ಕೋಸನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕಾಗಿಲ್ಲ. ಬೂಷ್ಟಿಗೆ ಬೇಕು. ಮೇಲೆ ಕಟ್ಟುವ ಬಿಳಿ ಪೊರೆಯ ಯೀಸ್ಟಿಗೂ ಬೇಕು. ಮೊದಲ ದಿನಗಳಲ್ಲಿ ಲ್ಯೂಕೋನೊಸ್ಟಾಕ್ ಎಂಬ ಗುಂಪಿನದೇ ಆಟ. ಅದು ಹುಳಿಯ ಜೊತೆಗೆ ಬೇಕಾದಷ್ಟು ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ನೀವು ನೋಡುವ ಗುಳ್ಳೆಗಳು ಬಹುಪಾಲು ಅದರದೇ. ಹುಳಿ ಏರಿದಂತೆ ಅದು ಹಿಂದೆ ಸರಿದು ಲ್ಯಾಕ್ಟೋಬ್ಯಾಸಿಲಸ್ ಬಳಗ ಮುಂದೆ ಬರುತ್ತದೆ. ಕೊನೆಗೆ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) 3.5ರ ಹತ್ತಿರ ಬಂದು ನಿಲ್ಲುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ಪ್ರಾಣಾಂತಿಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅಲ್ಲಿಗೆ ಆ ಭಯ ಮುಗಿಯಿತು.

ಈಗ ಜಾಡಿಗೆ ಬನ್ನಿ. ಕಾಲುವೆ ಇರುವ ಜಾಡಿಯಲ್ಲಿ ಆ ಗುಳ್ಳೆಯ ಗಾಳಿ ಮೇಲಿನ ಖಾಲಿ ಜಾಗವನ್ನು ತುಂಬಿಕೊಂಡು ಆಮ್ಲಜನಕವನ್ನು ಹೊರಗೆ ದಬ್ಬುತ್ತದೆ. ತೆರೆದ ಜಾಡಿಯಲ್ಲಿ ಮೇಲ್ಮೈ ಯಾವಾಗಲೂ ಗಾಳಿಗೆ ಒಡ್ಡಿಕೊಂಡೇ ಇರುತ್ತದೆ. ಅದಕ್ಕೇ ಪೊರೆ. ಕೆಳಗೆ ಉಪ್ಪುನೀರಿನಲ್ಲಿ ಮುಳುಗಿರುವ ಕೋಸಿಗೆ ಮೇಲೆ ಯಾವ ಮುಚ್ಚಳ ಇದೆ ಅಂತ ಗೊತ್ತೇ ಆಗುವುದಿಲ್ಲ. ರುಚಿ ಒಂದೇ ಅಂತ ಹಳೇ ಕೈ ಹೇಳಿದ್ದು ಅದಕ್ಕೇ.

ಸುಮ್ನೆ_ಬಂದೆ
ಲ್ಯಾಬ್ ಕೋಟು ಸರ್, ದಿನಾ ಮುಚ್ಚಳ ತೆಗೆದು ರುಚಿ ನೋಡಿದರೆ ಆ ಗಾಳಿ ಹೋಗಿಬಿಡಲ್ವಾ?

ಲ್ಯಾಬ್_ಕೋಟು
ಹೋಗುತ್ತದೆ. ಮೊದಲ ಒಂದೆರಡು ವಾರ ಹೋದರೂ ಮತ್ತೆ ತುಂಬಿಕೊಳ್ಳುತ್ತದೆ. ಗುಳ್ಳೆ ನಿಂತ ಮೇಲೆ ತೆಗೆದರೆ ತುಂಬಿಕೊಳ್ಳಲು ಏನೂ ಉಳಿದಿರುವುದಿಲ್ಲ. ದಿನಾ ಇಣುಕುವವರಿಗೆ ಕಾಲುವೆ ಜಾಡಿ ದಂಡ.

ಗಾಜೇ_ಸಾಕು
ಗಾಜಾದರೆ ತೆಗೆಯದೆಯೇ ಕಾಣುತ್ತದೆ. ಹೇಳಿದ್ದು ಅಷ್ಟೇ.

ಅಳತೆಗೋಲು
ಗಾತ್ರದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ಜನ ಎಡವುವುದು ಅಲ್ಲೇ. ಮುಚ್ಚಳದ ಜಗಳ ಆಮೇಲಿನದು.

ಅಮೆರಿಕದ ಕೃಷಿ ಇಲಾಖೆಯ ಮಾರ್ಗದರ್ಶಿಯಲ್ಲಿ ಒಂದು ಗ್ಯಾಲನ್ ಜಾಡಿಗೆ ಐದು ಪೌಂಡ್ ತರಕಾರಿ ಅಂತ ಲೆಕ್ಕ ಇದೆ. ನಮ್ಮ ಅಳತೆಯಲ್ಲಿ 3.8 ಲೀಟರಿಗೆ ಸುಮಾರು 2.25 ಕೆಜಿ. ಅಂದರೆ ಜಾಡಿಯ ಪ್ರತಿ ಲೀಟರಿಗೆ 600 ಗ್ರಾಂ ಕೋಸು. 5 ಲೀಟರಿನದಕ್ಕೆ 3 ಕೆಜಿ, 10 ಲೀಟರಿನದಕ್ಕೆ 6 ಕೆಜಿ. ಮಿಕ್ಕ ಜಾಗ ತಟ್ಟೆಗೆ, ಭಾರಕ್ಕೆ, ಉಕ್ಕುವ ಉಪ್ಪುನೀರಿಗೆ. ಅದೇ ಮಾರ್ಗದರ್ಶಿಯಲ್ಲಿ ಮೇಲೆ ನಾಲ್ಕೈದು ಇಂಚು ಖಾಲಿ ಬಿಡಿ ಅಂತಲೂ ಇದೆ.

ಜನ ಮಾಡುವುದೇನು? ಇರಲಿ ಅಂತ 10 ಲೀಟರಿನದು ತರುತ್ತಾರೆ. ಅದರಲ್ಲಿ 2 ಕೆಜಿ ಕೋಸು ಹಾಕುತ್ತಾರೆ. ತಳದಲ್ಲಿ ಒಂದಿಷ್ಟು ಕೋಸು, ಮೇಲೆಲ್ಲ ಗಾಳಿ. ಕಾಲುವೆ ಇದ್ದರೂ ಅಷ್ಟು ಗಾಳಿಯನ್ನು ಹೊರಗೆ ದಬ್ಬುವಷ್ಟು ಗುಳ್ಳೆ ಬೇಗ ಬರುವುದಿಲ್ಲ. ಪೊರೆ ಕಟ್ಟುತ್ತದೆ. ಆಮೇಲೆ ಜಾಡಿ ಸರಿ ಇಲ್ಲ ಅಂತ ದೂರು.

ನಾಲ್ಕು ಜನಕ್ಕೆ 5 ಲೀಟರ್ ಸಾಕು. ಇನ್ನೂ ಬೇಕೆನಿಸಿದರೆ 5 ಲೀಟರಿನ ಇನ್ನೊಂದು ತಗೊಳ್ಳಿ, 10 ಲೀಟರಿನದಲ್ಲ. ಒಂದರಲ್ಲಿ ತಿನ್ನುತ್ತಿರುವಾಗ ಇನ್ನೊಂದರಲ್ಲಿ ಹುಳಿಯುತ್ತಿರುತ್ತದೆ.

ಹಳೇ_ಕೈ
ಇದನ್ನು ಒಪ್ಪುವುದಿಲ್ಲ. ಜಾಡಿ ದೊಡ್ಡದಾದಷ್ಟೂ ಒಳಗಿನ ಕೋಸಿಗೆ ಹೋಲಿಸಿದರೆ ಮೇಲ್ಮೈ ಕಡಿಮೆ. ಮೇಲಿನ ಪದರ ಕಪ್ಪಾಗಿ ತೆಗೆದುಹಾಕಿದರೂ ಹೋಗುವುದು ಸ್ವಲ್ಪ. ಒಂದು ಲೀಟರಿನ ಬಾಟಲಿಯಲ್ಲಿ ಅಷ್ಟೇ ದಪ್ಪದ ಪದರ ತೆಗೆದರೆ ಕಾಲು ಭಾಗ ಹೋಯಿತು. ಮೇಲಾಗಿ ದೊಡ್ಡ ಜಾಡಿಯ ಶಾಖ ಒಂದೇ ಸಮ ಇರುತ್ತದೆ, ಹಗಲು ರಾತ್ರಿಗೆ ಏರಿಳಿಯುವುದಿಲ್ಲ.

ಅಳತೆಗೋಲು
ತುಂಬಿದರೆ ಸರಿ ಅಣ್ಣ. ನೀವು ತುಂಬುತ್ತೀರಿ. ಹೊಸಬರು ತುಂಬುವುದಿಲ್ಲ. ಆರು ಕೆಜಿ ಕೋಸನ್ನು ಒಂದೇ ದಿನ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹಿಸುಕಿ ನೋಡಲಿ, ತೋಳು ಬಿದ್ದುಹೋಗುತ್ತದೆ.

ಬೆನ್ನುನೋವು
ತೂಕದ ಬಗ್ಗೆಯೂ ಯೋಚಿಸಿ. 10 ಲೀಟರಿನ ಸ್ಟೋನ್‌ವೇರ್ ಜಾಡಿ ತುಂಬಿದ ಮೇಲೆ 15 ಕೆಜಿ ಆರಾಮಾಗಿ ದಾಟುತ್ತದೆ. ಎಲ್ಲಿ ಇಡಬೇಕೋ ಅಲ್ಲೇ ಇಟ್ಟು ಆಮೇಲೆ ತುಂಬಿ. ತುಂಬಿ ಎತ್ತುವುದು ಬೇಡ. ಮೇಲಿನ ಕಪಾಟಂತೂ ಬೇಡವೇ ಬೇಡ.

ಮಣ್ಣಿನ_ತಿರುಗಣೆ
ನಾನು ಕುಂಬಾರಿಕೆ ಮಾಡುವವನು. ಕೂದಲೆಳೆ ಗೆರೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಭಟ್ಟಿಯಿಂದ ಇಳಿದು ತಣ್ಣಗಾಗುವಾಗ ಮೆರುಗು ಮಣ್ಣಿಗಿಂತ ಜಾಸ್ತಿ ಕುಗ್ಗಿದರೆ ಅದು ಬಿರಿಯುತ್ತದೆ. ನಮ್ಮ ಕಡೆಯವರು ಇದಕ್ಕೆ ಕ್ರೇಜಿಂಗ್ ಅನ್ನುತ್ತಾರೆ. ಕೆಲವು ಜಾಡಿಗಳಲ್ಲಿ ಮೊದಲ ದಿನವೇ ಇರುತ್ತದೆ, ಕೆಲವಕ್ಕೆ ವರ್ಷಗಳಾದ ಮೇಲೆ ಬರುತ್ತದೆ. ಗೆರೆ ಇದ್ದ ಮಾತ್ರಕ್ಕೆ ಜಾಡಿ ಒಡೆದಿದೆ ಅಂತಲ್ಲ. ಕೆಳಗಿನ ಮಣ್ಣು ಎಂಥದ್ದು ಅನ್ನುವುದು ಮುಖ್ಯ. ಸ್ಟೋನ್‌ವೇರನ್ನು ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತೇವೆ. ಆ ಶಾಖಕ್ಕೆ ಮಣ್ಣಿನ ಕಣಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮೆರುಗು ಇಲ್ಲದಿದ್ದರೂ ನೀರು ಹೆಚ್ಚು ಹೀರುವುದಿಲ್ಲ. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣಿನ ಪಾತ್ರೆ ಹಾಗಲ್ಲ, ಗೆರೆಯ ಮೂಲಕ ಉಪ್ಪುನೀರು ಒಳಗೆ ಇಳಿದುಬಿಡುತ್ತದೆ. ಹೊರಮೈಯಲ್ಲಿ ಬಿಳಿ ಉಪ್ಪು ಪುಡಿಪುಡಿಯಾಗಿ ಕಂಡರೆ ಅದೇ ಗುರುತು. ಆ ಬಿರುಕಿನೊಳಗೆ ಸೇರಿದ ಕೊಳೆಯನ್ನು ತೊಳೆಯಲು ಆಗುವುದಿಲ್ಲ.

ಪರೀಕ್ಷೆ ಸುಲಭ. ಜಾಡಿ ತುಂಬ ನೀರು ಹೊಯ್ದು ಹಳೇ ಪೇಪರಿನ ಮೇಲೆ ಒಂದು ದಿನ ಇಡಿ. ಪೇಪರ್ ಒದ್ದೆಯಾದರೆ ಗಿಡ ನೆಡಲು ಇಟ್ಟುಕೊಳ್ಳಿ. ಖಾಲಿ ಮಾಡಿ ಬೆರಳ ಗಂಟಿನಿಂದ ತಟ್ಟಿ. ಠಣ್ ಅಂದರೆ ಒಳ್ಳೆಯದು. ಡಬ್ ಅಂದರೆ ಎಲ್ಲೋ ಕಣ್ಣಿಗೆ ಕಾಣದ ಸೀಳು ಇದೆ.

ಅದಕ್ಕಿಂತ ದೊಡ್ಡ ವಿಷಯ ಸೀಸ. ಕಡಿಮೆ ಶಾಖದಲ್ಲಿ ಕರಗುತ್ತದೆ, ಹೊಳಪು ಚೆನ್ನಾಗಿ ಬರುತ್ತದೆ ಅಂತ ಹಿಂದೆ ಮೆರುಗಿಗೆ ಸೀಸ ಬೆರೆಸುತ್ತಿದ್ದರು. ಸಕ್ಕರೆ ಇಡಲು ಅಂಥ ಪಾತ್ರೆ ನಡೆದೀತು. ವಾರಗಟ್ಟಲೆ ಹುಳಿ ನಿಲ್ಲುವ ಪಾತ್ರೆ ಬೇರೆ ಮಾತು, ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ. ಎಲ್ಲಿಯದು, ಯಾರು ಮಾಡಿದ್ದು ಅಂತ ಗೊತ್ತಿಲ್ಲದ ಹಳೇ ಜಾಡಿ, ಅದರಲ್ಲೂ ಒಳಗೆ ಬಣ್ಣದ ಮೆರುಗು ಇರುವುದು, ಸುಮ್ನೆ ಕೊಟ್ಟರೂ ಬೇಡ.

ಕೋಸಿನ_ಎಲೆ
ಅಬ್ಬಾ, ಇಷ್ಟೊಂದು ಇದೆಯಾ! ಸೀಸ ಇದೆಯಾ ಅಂತ ಮನೆಯಲ್ಲೇ ನೋಡಲು ಒರೆಸುವ ಕಡ್ಡಿ ಸಿಗುತ್ತದಲ್ಲ, ಅದು ಸಾಲದಾ?

ಮಣ್ಣಿನ_ತಿರುಗಣೆ
ಬಣ್ಣ ತಿರುಗಿದರೆ ಸೀಸ ಇದೆ ಅಂತ ತಿಳಿಯುತ್ತದೆ. ತಿರುಗದಿದ್ದರೆ ಇಲ್ಲವೇ ಇಲ್ಲ ಅಂತ ಹೇಳಲು ಆಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುವುದನ್ನು ಅದು ಹಿಡಿಯದೇ ಹೋಗಬಹುದು. ಸರಿಯಾದ ಪರೀಕ್ಷೆಯಲ್ಲಿ ಪಾತ್ರೆಗೆ 4 ಶೇಕಡಾ ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಬಿಡುತ್ತಾರೆ. ಆಮೇಲೆ ಆ ದ್ರವದಲ್ಲಿ ಎಷ್ಟು ಸೀಸ, ಎಷ್ಟು ಕ್ಯಾಡ್ಮಿಯಂ ಇಳಿದಿದೆ ಅಂತ ಅಳೆಯುತ್ತಾರೆ. ಯುರೋಪಿನ 1984ರ ನಿಯಮದಲ್ಲಿ 3 ಲೀಟರಿಗಿಂತ ದೊಡ್ಡ ಶೇಖರಣೆ ಪಾತ್ರೆಗೆ ಲೀಟರಿಗೆ 1.5 ಮಿಲಿಗ್ರಾಂ ಸೀಸ ಅಂತ ಮಿತಿ ಹಾಕಿದರು. ಸಾಮಾನ್ಯ ಬಟ್ಟಲಿಗೆ ಅದೇ 4 ಮಿಲಿಗ್ರಾಂ. ದೊಡ್ಡ ಜಾಡಿಯಲ್ಲಿ ಆಹಾರ ಜಾಸ್ತಿ ದಿನ ಇರುತ್ತದಲ್ಲ, ಅದಕ್ಕೆ ಬಿಗಿ ಮಿತಿ.

ಹೊಸದು ತಗೊಳ್ಳುವಾಗ ಆಹಾರಕ್ಕೆ ಯೋಗ್ಯ, ಸೀಸರಹಿತ ಅಂತ ತಯಾರಕರು ಬರೆದು ಕೊಟ್ಟಿದ್ದಾರಾ ನೋಡಿ. ಅಲಂಕಾರಕ್ಕೆ ಮಾತ್ರ ಅಂತ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಇದ್ದರೆ ಅಲ್ಲೇ ಇಟ್ಟು ಬನ್ನಿ.

ನೀಲಿ_ಹೂವು
ತಿರುಗಣೆ ಸರ್, ಜರ್ಮನಿಯ ವೆಸ್ಟರ್‌ವಾಲ್ಡ್ ಕಡೆಯ ಬೂದು ಬಣ್ಣದ, ನೀಲಿ ಚಿತ್ರದ ಹಳೇ ಜಾಡಿಗಳಲ್ಲೂ ಸೀಸ ಇರುತ್ತದಾ?

ಮಣ್ಣಿನ_ತಿರುಗಣೆ
ಅವು ಬೇರೆ ಜಾತಿ. ಅವಕ್ಕೆ ಉಪ್ಪಿನ ಮೆರುಗು. ಭಟ್ಟಿ 1200 ಡಿಗ್ರಿ ದಾಟಿದಾಗ ಒಳಗೆ ಅಡುಗೆ ಉಪ್ಪು ಎರಚುತ್ತಾರೆ. ಅದು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ ಗಾಜಿನಂಥ ಪದರ ಕಟ್ಟುತ್ತದೆ. ಆ ಕ್ರಮದಲ್ಲಿ ಸೀಸಕ್ಕೆ ಕೆಲಸವೇ ಇಲ್ಲ. ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಇದ್ದರೆ ಉಪ್ಪಿನ ಮೆರುಗು ಅಂತ ಅರ್ಥ. ಆದರೆ ಬೂದು ನೀಲಿ ಇದ್ದದ್ದೆಲ್ಲ ಅಸಲಿ ಅಲ್ಲ. ನಕಲು ಬಹಳ ಇವೆ, ಅದೂ ನೆನಪಿರಲಿ.

ಸುಮ್ನೆ_ಬಂದೆ
ಉಪ್ಪು ಹಾಕಿ ಸುಟ್ಟ ಜಾಡಿಗೆ ಮತ್ತೆ ಉಪ್ಪು ಹಾಕಿದ ಕೋಸು. ಚೆನ್ನಾಗಿದೆ ಇದು 😄

ಉಕ್ಕಿನ_ಮನುಷ್ಯ
ಇದೆಲ್ಲ ತಲೆನೋವು ಯಾಕೆ? ಸ್ಟೀಲ್ ಡಬ್ಬ ಇಲ್ವಾ? ಬೀಳಲ್ಲ, ಒಡೆಯಲ್ಲ, ಸೀಸ ಇಲ್ಲ.

ಲ್ಯಾಬ್_ಕೋಟು
ಉಪ್ಪಿನ ಕ್ಲೋರೈಡ್, ಜೊತೆಗೆ ಹುಳಿ, ಅದೂ ವಾರಗಟ್ಟಲೆ. ಮನೆಪಾತ್ರೆಯ 304 ಸ್ಟೀಲಿಗೆ ಇದು ಒಗ್ಗುವುದಿಲ್ಲ, ಸಣ್ಣ ಸಣ್ಣ ಗುಂಡಿ ಬೀಳಬಹುದು. 316 ದರ್ಜೆಯಲ್ಲಿ ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಅದು ಹೆಚ್ಚು ತಡೆಯುತ್ತದೆ. ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಹತ್ತಿರವೂ ಹೋಗಬೇಡಿ.

ಬಕೆಟ್_ಭಕ್ತ
ಆಹಾರ ದರ್ಜೆಯ ಪ್ಲಾಸ್ಟಿಕ್ ಬಕೆಟ್ ಬಗ್ಗೆ ಯಾರೂ ಹೇಳುವುದೇ ಇಲ್ಲ. ಎಚ್‌ಡಿಪಿಇ ಅನ್ನುವ ಜಾತಿಯದು, ತಳದಲ್ಲಿ ತ್ರಿಕೋನದೊಳಗೆ 2 ಅಂತ ಇರುತ್ತದೆ. ಮುಚ್ಚಳಕ್ಕೆ ತೂತು ಕೊರೆದು, ಗಾಳಿಯನ್ನು ಹೊರಗೆ ಮಾತ್ರ ಬಿಡುವ ಏರ್‌ಲಾಕ್ ಸಿಕ್ಕಿಸಿದರೆ ನಿಮ್ಮ ಜರ್ಮನ್ ಜಾಡಿ ಮಾಡುವ ಕೆಲಸವನ್ನೇ ಮಾಡುತ್ತದೆ. ಚಂದ ಇಲ್ಲ, ಒಪ್ಪುತ್ತೇನೆ.

ನೀರು_ಮುಚ್ಚಳ
2 ಅಂತ ಇದ್ದ ಮಾತ್ರಕ್ಕೆ ಆಹಾರ ದರ್ಜೆ ಅಲ್ಲ. ಅದು ಯಾವ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತದೆ. ಆಹಾರಕ್ಕೆ ಯೋಗ್ಯ ಅಂತ ಬೇರೆಯಾಗಿ ಬರೆದಿರಬೇಕು. ಬಣ್ಣ ತುಂಬಿ ಬಂದ ಬಕೆಟ್ಟಿಗೂ 2 ಇರುತ್ತದೆ.

ಬಕೆಟ್_ಭಕ್ತ
ಸರಿ ಸರಿ, ಆಹಾರ ದರ್ಜೆ ಅಂತ ನಾನೂ ಮೊದಲ ಸಾಲಲ್ಲೇ ಬರೆದಿದ್ದೇನೆ. ಓದಿ.

ಇತಿಹಾಸದ_ಹುಳ
ಜಾಡಿ, ಬಕೆಟ್ ಅಂತ ಕಿತ್ತಾಡುತ್ತಿದ್ದೀರಿ. ಕ್ಯಾಪ್ಟನ್ ಜೇಮ್ಸ್ ಕುಕ್ 1768ರಲ್ಲಿ ಎಂಡೆವರ್ ಹಡಗಿನಲ್ಲಿ ಹೊರಟಾಗ ಟನ್‌ಗಟ್ಟಲೆ ಸಾವರ್‌ಕ್ರೌಟನ್ನು ಮರದ ಪೀಪಾಯಿಯಲ್ಲಿ ಒಯ್ದಿದ್ದ. ನಾವಿಕರು ಮೊದಲು ಮುಟ್ಟಲಿಲ್ಲ. ಅಧಿಕಾರಿಗಳ ಮೇಜಿಗೆ ದಿನಾ ಬಡಿಸುವಂತೆ ಮಾಡಿ, ಉಳಿದವರಿಗೆ ಬೇಕಾದರೆ ತಿನ್ನಿ ಅಂತ ಬಿಟ್ಟ. ದೊಡ್ಡವರು ತಿನ್ನುವುದು ಕಂಡದ್ದೇ ತಡ, ಎಲ್ಲರೂ ಮುಗಿಬಿದ್ದರು. ಕೊನೆಗೆ ತಲೆಗೆ ಇಷ್ಟು ಅಂತ ಅಳೆದು ಕೊಡಬೇಕಾಯಿತು. ಮಕ್ಕಳಿಗೆ ತಿನ್ನಿಸಲು ನಾನೂ ಇದೇ ಉಪಾಯ ಮಾಡುತ್ತೇನೆ.

ಲ್ಯಾಬ್_ಕೋಟು
ಸ್ಕರ್ವಿ (ವಿಟಮಿನ್ ಸಿ ಕೊರತೆಯಿಂದ ನಾವಿಕರಿಗೆ ಬರುತ್ತಿದ್ದ ರೋಗ) ಅವನ ಹಡಗಿಗೆ ಕಾಡಲಿಲ್ಲ ಅನ್ನುವುದರ ಪೂರ್ತಿ ಶ್ರೇಯ ಕೋಸಿಗೆ ಕೊಡಬೇಡಿ. ದಡ ಸಿಕ್ಕಲ್ಲೆಲ್ಲ ತಾಜಾ ಸೊಪ್ಪು, ಹಣ್ಣು ಹತ್ತಿಸಿಕೊಳ್ಳುತ್ತಿದ್ದ. ಕುಕ್‌ಗೆ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂದದ್ದು 1776ರಲ್ಲಿ, ನಾವಿಕರ ಆರೋಗ್ಯ ಕಾಪಾಡಿದ ಬಗ್ಗೆ ಬರೆದ ಲೇಖನಕ್ಕೆ.

ಸುಮ್ನೆ_ಬಂದೆ
ಹಾಗಾದರೆ ಮರದ ಪೀಪಾಯಿ ಒಳ್ಳೆಯದಾ?

ಹಳೇ_ಕೈ
ಬಿಡದೆ ಬಳಸುವವರಿಗೆ ಒಳ್ಳೆಯದು. ಒಣಗಲು ಬಿಟ್ಟರೆ ಹಲಗೆ ಕುಗ್ಗಿ ಸಂದಿ ಬಿಡುತ್ತದೆ. ಮತ್ತೆ ನೀರಲ್ಲಿ ನೆನೆಸಿ ಉಬ್ಬಿಸಬೇಕು. ತೊಳೆಯುವುದೂ ಕಷ್ಟ. ಕೋಸು ಹಾಕುವುದಕ್ಕಿಂತ ಪೀಪಾಯಿ ಸಾಕುವುದೇ ದೊಡ್ಡ ಕೆಲಸವಾಗುತ್ತದೆ.

ನಿರ್ವಾಹಕ
ಕುಕ್ ಬಗ್ಗೆ ಮಾತಾಡುವವರು ಬೇರೆ ಎಳೆ ತೆರೆಯಿರಿ. ಇಲ್ಲಿ ಜಾಡಿ.

ಕಲ್ಲು_ಬಂಡೆ
ಜಾಡಿ ಬಗ್ಗೆಯೇ ಕೇಳುತ್ತೇನೆ. ಹೊಟ್ಟೆ ಉಬ್ಬಿದ ಆಕಾರದ ಕಾಲುವೆ ಜಾಡಿ ನನ್ನ ಹತ್ತಿರ ಇದೆ. ಬಾಯಿ ಕಿರಿದು, ಒಳಗೆ ಅಗಲ. ತಟ್ಟೆ ಹಾಕಿದರೆ ಸುತ್ತ ಸಂದಿ ಬಿದ್ದು ಕೋಸು ತೇಲುತ್ತದೆ. ಜೊತೆಗೆ ಬಂದಿದ್ದ ಭಾರದ ಕಲ್ಲು ಕಳೆದುಹೋಗಿದೆ.

ನೀರು_ಮುಚ್ಚಳ
ಅದಕ್ಕೇ ಆ ಕಲ್ಲುಗಳನ್ನು ಎರಡು ಅರ್ಧಚಂದ್ರ ಮಾಡಿರುತ್ತಾರೆ. ಒಂದೊಂದನ್ನೇ ಓರೆಯಾಗಿ ಇಳಿಸಿ ಒಳಗೆ ಜೋಡಿಸುವುದು. ಬಿಡಿಯಾಗಿಯೂ ಸಿಗುತ್ತವೆ. ಒಳಗಿನ ಅಗಲವನ್ನು ಅಳೆದು ತರಿಸಿ, ಬಾಯಿಯ ಅಗಲವನ್ನಲ್ಲ. ಅಲ್ಲಿಯವರೆಗೆ ಕೋಸಿನ ಅಗಲ ಹೊರ ಎಲೆ ಎರಡು ಮೂರು ಹಾಸಿ, ಮೇಲೆ ಉಪ್ಪುನೀರು ತುಂಬಿದ ಗಟ್ಟಿ ಚೀಲ ಇಡಿ. ಚೀಲ ಆಹಾರ ದರ್ಜೆಯದ್ದಾಗಿರಲಿ. ಒಳಗೆ ತುಂಬುವುದು ಬರೀ ನೀರಲ್ಲ, ಲೀಟರಿಗೆ 25–30 ಗ್ರಾಂ ಉಪ್ಪು ಹಾಕಿದ ನೀರು. ಚೀಲ ಸೋರಿದರೂ ಕೋಸಿನ ಉಪ್ಪು ತೆಳುವಾಗುವುದಿಲ್ಲ.

ಕಲ್ಲು_ಬಂಡೆ
ಹೊಳೆಯ ಕಲ್ಲು ಇಟ್ಟರೆ?

ಮಣ್ಣಿನ_ತಿರುಗಣೆ
ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಹಾಕಿ. ನೊರೆ ಬಂದರೆ ಅದು ಸುಣ್ಣದ ಜಾತಿಯದ್ದು, ಹುಳಿಯಲ್ಲಿ ಕರಗುತ್ತದೆ. ಅಮೃತಶಿಲೆಯೂ ಅದೇ ಗುಂಪು. ನೊರೆ ಬರದ ಗಟ್ಟಿ ಗ್ರಾನೈಟ್ ಆದರೆ ಚೆನ್ನಾಗಿ ತಿಕ್ಕಿ ತೊಳೆದು, ಕುದಿಸಿ ಬಳಸಬಹುದು.

ಗಾಜೇ_ಸಾಕು
ಇಷ್ಟು ಹೊತ್ತು ಸುಮ್ಮನಿದ್ದೆ. ಸೀಸ, ಬಿರುಕು, ಕಳೆದುಹೋದ ಅರ್ಧಚಂದ್ರ, ಬೆನ್ನುನೋವು. ಗಾಜಿನಲ್ಲಿ ಇದ್ಯಾವುದೂ ಇಲ್ಲ. ಅಗಲ ಬಾಯಿಯ ಬಾಟಲಿ, ಗಾಜಿನ ಭಾರ, ಗಾಳಿ ಬಿಡುವ ಸಿಲಿಕೋನ್ ಮುಚ್ಚಳ. ಬೆಳಕು ಬೀಳದಂತೆ ಟವೆಲ್ ಸುತ್ತಿ. ಒಂದು ಕೆಟ್ಟರೆ ಒಂದೇ ಕೆಟ್ಟಿತು, ಮಿಕ್ಕ ಮೂರು ಉಳಿಯುತ್ತವೆ. ಜಾಡಿ ಕೆಟ್ಟರೆ ಪೂರಾ ಹೋಯಿತು.

ಹಳೇ_ಕೈ
ಕೊನೆಯ ಮಾತು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಭಾವನ_ಮನೆ
ಗಾಜಿನವರಿಗೆ ಒಂದು ಎಚ್ಚರಿಕೆ. ನಮ್ಮ ಭಾವ ಮಾಮೂಲಿ ತಿರುಪು ಮುಚ್ಚಳವನ್ನು ಬಿಗಿಯಾಗಿ ಹಾಕಿ ಊರಿಗೆ ಹೋದರು. ಬಂದು ನೋಡಿದರೆ ಬಾಟಲಿ ಸಿಡಿದಿದೆ. ಕೋಸಿನ ಎಳೆ ಚಾವಣಿಗೆ ಅಂಟಿಕೊಂಡಿದೆ. ಯಾರೂ ಹತ್ತಿರ ಇರಲಿಲ್ಲ, ಪುಣ್ಯ. ಮೊದಲ ವಾರ ಗಾಳಿಗೆ ದಾರಿ ಇರಲೇಬೇಕು. ಏರ್‌ಲಾಕ್ ಇಲ್ಲದಿದ್ದರೆ ಮುಚ್ಚಳ ಸಡಿಲ ಬಿಡಿ, ಅಡಿಗೆ ಒಂದು ತಟ್ಟೆ ಇಡಿ. ಉಪ್ಪುನೀರು ಉಕ್ಕುತ್ತದೆ.

ಕ್ಲಿಪ್_ಮುಚ್ಚಳ
ರಬ್ಬರ್ ಉಂಗುರ, ತಂತಿ ಕ್ಲಿಪ್ ಇರುವ ಬಾಟಲಿಗಳಲ್ಲಿ ಒತ್ತಡ ಜಾಸ್ತಿಯಾದರೆ ರಬ್ಬರ್ ಸಂದಿಯಿಂದ ಗಾಳಿ ತಾನೇ ಹೊರಗೆ ಹೋಗುತ್ತದೆ. ನಾನು ಯಾವಾಗಲೂ ಅದನ್ನೇ ಬಳಸುವುದು.

ಲ್ಯಾಬ್_ಕೋಟು
ಆಹಾರ ಶೇಖರಣೆಗೆಂದು ಮಾಡಿದ ಗಟ್ಟಿ ಬಾಟಲಿಯಲ್ಲಿ ಬಹಳ ಜನ ಹಾಗೆ ಮಾಡುತ್ತಾರೆ, ಹೌದು. ಅಲಂಕಾರದ ತೆಳು ಬಾಟಲಿಯಲ್ಲಿ ಮಾತ್ರ ಅದನ್ನು ನಂಬಬೇಡಿ. ನೋಡಲು ಎರಡೂ ಒಂದೇ ಥರ ಇರುತ್ತವೆ.

ಕೋಸಿನ_ಎಲೆ
ಹಳೇ ಜಾಡಿ ಬೇಡ ಅಂತ ಅವರಿಗೆ ಹೇಳಿದೆ. ಛತ್ರಿ ಇಡಲು ಇಟ್ಟುಕೊಳ್ಳುತ್ತಾರಂತೆ. 5 ಲೀಟರಿನದು, ಕಾಲುವೆ ಇರುವುದು, ಅಂತ ಮನಸ್ಸು ವಾಲುತ್ತಿದೆ. ಬೇಸಿಗೆಯಲ್ಲಿ ಅಡುಗೆಮನೆ 30 ಡಿಗ್ರಿ ದಾಟುತ್ತದೆ, ದಪ್ಪ ಜಾಡಿ ಇದ್ದರೆ ಒಳಗೆ ತಣ್ಣಗೆ ಇರುತ್ತದಾ?

ಲ್ಯಾಬ್_ಕೋಟು
ಇಲ್ಲ. ದಪ್ಪ ಗೋಡೆ ಏರಿಳಿತವನ್ನು ನಿಧಾನ ಮಾಡುತ್ತದೆ, ತಂಪು ಮಾಡುವುದಿಲ್ಲ. ದಿನವಿಡೀ 30 ಇದ್ದರೆ ಒಳಗೂ 30. ಸಾವರ್‌ಕ್ರೌಟಿಗೆ 21ರಿಂದ 24 ಡಿಗ್ರಿಯಲ್ಲಿ ಮೂರು ನಾಲ್ಕು ವಾರ, 16ರಿಂದ 18ರಲ್ಲಿ ಐದಾರು ವಾರ ಬೇಕು. ತಣ್ಣಗೆ ಹುಳಿತದ್ದು ಗರಿಗರಿ ಇರುತ್ತದೆ. ಸೆಕೆಯಲ್ಲಿ ಬೇಗ ಹುಳಿಯುತ್ತದೆ, ಮೆತ್ತಗೂ ಆಗುತ್ತದೆ. ಮನೆಯಲ್ಲಿ ತೀರಾ ತಂಪಾದ ಮೂಲೆ ಹುಡುಕಿ, ಆ ಮೂಲೆಗೆ ಹಿಡಿಸುವ ಗಾತ್ರದ ಜಾಡಿ ತಗೊಳ್ಳಿ. ಬೇಗ ರುಚಿ ನೋಡಿ, ಸಾಕೆನಿಸಿದ ಕೂಡಲೇ ಫ್ರಿಜ್ಜಿಗೆ ಹಾಕಿ.

ನೀರು_ಮುಚ್ಚಳ
ಕಾಲುವೆ ಜಾಡಿಗೆ ಇನ್ನೊಂದು ಮಾತು. ಹಗಲು ಸೆಕೆ, ರಾತ್ರಿ ತಂಪು ಇದ್ದರೆ ಒಳಗಿನ ಗಾಳಿ ಕುಗ್ಗಿ ಕಾಲುವೆಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗುಳ್ಳೆ ನಿಂತ ಮೇಲೆ ಇದು ಜಾಸ್ತಿ. ಅದಕ್ಕೆ ಕಾಲುವೆಗೂ ಉಪ್ಪುನೀರೇ ಹಾಕಿ. ಒಳಗೆ ಹೋದರೂ ತೊಂದರೆ ಇಲ್ಲ, ಲೋಳೆಯೂ ಬೇಗ ಕಟ್ಟುವುದಿಲ್ಲ. ತಗೊಳ್ಳುವಾಗ ಕಾಲುವೆ ಆಳವಾಗಿದೆಯಾ ನೋಡಿ. ಬೆರಳುದ್ದ ಇರಬೇಕು. ಬರೀ ಗೀರು ಎಳೆದ ಹಾಗಿರುವ ಕಾಲುವೆ ಎರಡೇ ದಿನದಲ್ಲಿ ಒಣಗುತ್ತದೆ. ಮುಚ್ಚಳದ ಅಂಚಿನಲ್ಲಿ ಗಾಳಿ ಹೋಗಲು ಕಚ್ಚು ಇರಬೇಕು, ಆ ಕಚ್ಚು ನೀರಿನೊಳಗೆ ಮುಳುಗಿರಬೇಕು.

ಪೊರೆ_ಭಯ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ತೆರೆದ ಜಾಡಿಯಲ್ಲಿ ಬಿಳಿ ಬಂದಿದೆ. ಎಸೆಯಬೇಕಾ?

ಹಳೇ_ಕೈ
ತೆಳುವಾಗಿ, ಸುಕ್ಕುಸುಕ್ಕಾಗಿ, ಚಪ್ಪಟೆ ಇದೆಯಾ? ಅದು ಯೀಸ್ಟಿನ ಪೊರೆ. ಚಮಚದಲ್ಲಿ ತೆಗೆದುಹಾಕಿ, ತಟ್ಟೆ ತೊಳೆದು ಇಡಿ. ಬಹಳ ದಿನ ಬಿಟ್ಟರೆ ವಾಸನೆ ಕೆಡಿಸುತ್ತದೆ. ಹತ್ತಿಯ ಹಾಗೆ ಎದ್ದು ನಿಂತು ಹಸಿರು, ಕಪ್ಪು, ಗುಲಾಬಿ ಬಣ್ಣ ಇದೆಯಾ? ಅದು ಬೂಷ್ಟು. ನಾನಾದರೆ ಪೂರ್ತಿ ಎಸೆಯುತ್ತೇನೆ.

ಪೊರೆ_ಭಯ
ಚಪ್ಪಟೆಯೇ ಇದೆ. ಉಳಿಯಿತು ಕೋಸು. ಥ್ಯಾಂಕ್ಸ್ ಅಣ್ಣ.

ಉಪ್ಪಿನ_ಕಲ್ಲು
ಉಪ್ಪು ಎಷ್ಟು ಅಂತ ಯಾರೂ ಹೇಳಿಲ್ಲ. ಕೋಸಿನ ತೂಕದ 2ರಿಂದ 2.5 ಶೇಕಡಾ. ಮೂರು ಕೆಜಿಗೆ 60ರಿಂದ 75 ಗ್ರಾಂ. ಚಮಚದಲ್ಲಿ ಅಳೆಯಬೇಡಿ. ಪುಡಿ ಉಪ್ಪಿನ ಚಮಚಕ್ಕೂ ಹರಳು ಉಪ್ಪಿನ ಚಮಚಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸ. ಜಾಡಿಗೆ ಅಷ್ಟು ಹಣ ಕೊಡುವವರು ಒಂದು ತಕ್ಕಡಿ ತಗೊಳ್ಳಿ ಮೊದಲು.

ಕೋಸಿನ_ಎಲೆ
ತಕ್ಕಡಿ ಇದೆ ರೀ. ಜಾಡಿಯೂ ಗೊತ್ತು ಮಾಡಿದೆ. ನೆಟ್ಟ ಗೋಡೆಯ 5 ಲೀಟರಿನದು, ಕಾಲುವೆ ಆಳ ಇದೆ, ಅರ್ಧಚಂದ್ರ ಕಲ್ಲು ಜೊತೆಗೇ ಬರುತ್ತದೆ, ಸೀಸರಹಿತ ಅಂತ ಬರೆದಿದ್ದಾರೆ. ಹೊಟ್ಟೆ ಉಬ್ಬಿದ್ದು ಬೇಡ ಅನ್ನಿಸಿತು, ಕೈ ಹಾಕಿ ತೊಳೆಯಬೇಕಲ್ಲ.

ಮೂರು_ನಂಬರ್
ಇಲ್ಲೇ ಕೇಳಿಬಿಡುತ್ತೇನೆ. ನನ್ನ ಹತ್ತಿರ ಇರುವ ಅಮೆರಿಕದ ಹಳೇ ಜಾಡಿಯ ಮೇಲೆ ದೊಡ್ಡದಾಗಿ 3 ಅಂತ ಇದೆ, ಕೆಳಗೆ ಕೆಂಪು ರೆಕ್ಕೆಯ ಚಿತ್ರ. 3 ಲೀಟರಾ? ನೋಡಿದರೆ ಜಾಸ್ತಿ ಹಿಡಿಯುವ ಹಾಗಿದೆ.

ಮಣ್ಣಿನ_ತಿರುಗಣೆ
ಅದು ಗ್ಯಾಲನ್. ಅಮೆರಿಕದ ಗ್ಯಾಲನ್ ಅಂದರೆ 3.785 ಲೀಟರ್, ಹಾಗಾಗಿ ಹನ್ನೊಂದು ಲೀಟರಿಗೂ ಮೇಲೆ. ಕೆಂಪು ರೆಕ್ಕೆ ಮಿನ್ನೆಸೋಟಾದ ರೆಡ್ ವಿಂಗ್ ಊರಿನ ಕುಂಬಾರಿಕೆ ಕಂಪನಿಯ ಗುರುತು. ಅದು 1967ರಲ್ಲಿ ಮುಚ್ಚಿತು. ಈಗ ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ಬ್ರಿಟಿಷ್ ಅಳತೆಯ ಜಾಡಿಯಾದರೆ ಗ್ಯಾಲನ್ 4.5 ಲೀಟರ್, ಲೆಕ್ಕ ಬೇರೆ.

ಮೂರು_ನಂಬರ್
ಹನ್ನೊಂದು ಲೀಟರಾ! ಇದಕ್ಕೆ ಏಳು ಕೆಜಿ ಕೋಸು ಬೇಕಲ್ಲ, ಯಾರು ಹೆಚ್ಚುತ್ತಾರೆ?

ಅಳತೆಗೋಲು
ಬಾಟಲಿಯಲ್ಲಿ ಅಳೆದು ನೀರು ಹೊಯ್ದು ಮೊದಲು ಎಷ್ಟು ಹಿಡಿಯುತ್ತದೆ ನೋಡಿ. ಸೋರುತ್ತದಾ ಅಂತ ಹೇಗಿದ್ದರೂ ಒಂದು ದಿನ ನೀರು ನಿಲ್ಲಿಸಬೇಕಲ್ಲ, ಎರಡೂ ಒಟ್ಟಿಗೇ ಆಗುತ್ತದೆ.